ಕಾಲಿಲ್ಲದ ಚಿಪ್

"ಇದು ನಮ್ಮ ಬೋರ್ಡೇ ಮೇಡಂ. ಆದ್ರೆ ತಿಪ್ಪೇರುದ್ರನ ಹತ್ರ ಇದ್ದ ಬೋರ್ಡು ಇದಲ್ಲ."

ಕುಬ್ರಾ ಭೂತಗನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಠಾಣೆಯ ಮೇಜಿನ ಮೇಲೆ, ಪ್ಲಾಸ್ಟಿಕ್ ಚೀಲದೊಳಗೆ, ಅಂಗೈ ಅಗಲದ ಸರ್ಕ್ಯೂಟ್ ಬೋರ್ಡೊಂದು ಕರಕಲಾಗಿ ಬಿದ್ದಿತ್ತು. ಅದರ ಒಂದು ಮೂಲೆ ಸುಟ್ಟ ಹಪ್ಪಳದಂತೆ ಮೇಲೆದ್ದಿತ್ತು.

ಸಬ್ ಇನ್ಸ್‌ಪೆಕ್ಟರ್ ನಿರ್ಮಲಾ ಬಾಗಿಲ ಕಡೆ ಒಮ್ಮೆ ನೋಡಿದಳು.

"ಸಾಹೇಬ್ರು ಬರೋದ್ರೊಳಗೆ ಇದಕ್ಕೆ ಸೀಲ್ ಹಾಕ್ಬೇಕು. ನಿಂಗೆ ತೋರಿಸಿದ್ದೇ ತಪ್ಪು. ಏನ್ ಕಾಣಿಸ್ತು, ಬಿಡಿಸಿ ಹೇಳು."

"ಹಬ್ ಚಿಪ್ ಕೂತಿದ್ದ ಜಾಗ ನೋಡ್ರಿ."

"ಅಲ್ಲಿ ಏನೂ ಇಲ್ವಲ್ಲ."

"ಬೆಸುಗೆ ಕರಗಿ ಚಿಪ್ ಉದುರೋಗೈತೆ. ಅದರ ಕಾಲು ಊರಿದ್ದ ಗುರುತು ಮಾತ್ರ ಹಂಗೇ ಐತೆ. ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು. ಇದು ಹಳೇ ಚಿಪ್ಪಿನ ಜಾಗ. ತಿಪ್ಪೇರುದ್ರ ಕೊನೇಲಿ ಆರಿಸಿದ್ದು ಕಾಲಿಲ್ಲದ ಚಿಪ್. ಚೌಕದ್ದು. ಅದಕ್ಕೆ ಬೋರ್ಡೇ ಬೇರೆ ಮಾಡಿಸಿದ್ವಿ."

ಗುರುವಾರ ನಸುಕಿನಲ್ಲಿ ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿಗೆ ಜುಲ್ಫಿಕರನ ವ್ಯಾನು ಸುಟ್ಟು ನಿಂತಿತ್ತು. ಒಳಗಿದ್ದ ಹೆಣಕ್ಕೆ ಮುಖವೇ ಉಳಿದಿರಲಿಲ್ಲ. ಸೀಟಿನ ಕೆಳಗಿನ ತಗಡಿನ ಡಬ್ಬಿಯಲ್ಲಿ ಸಿಕ್ಕ ಈ ಬೋರ್ಡಿನಿಂದಲೇ ಸತ್ತವನು ಜುಲ್ಫಿಕರನ ಪಾಲುದಾರ ತಿಪ್ಪೇರುದ್ರ ಎಂದು ತೀರ್ಮಾನವಾಗಿ, ಕುಬ್ರಾಳ ಅಣ್ಣ ಜುಲ್ಫಿಕರ್ ಕೊಲೆ ಆರೋಪದ ಮೇಲೆ ಲಾಕಪ್ಪಿನಲ್ಲಿದ್ದ.

"ಹಳೇದೊಂದನ್ನ ಚೀಲದಲ್ಲಿ ಇಟ್ಕೊಂಡಿರಬಹುದಲ್ಲ ತಿಪ್ಪೇರುದ್ರ?" ನಿರ್ಮಲಾ ಕೇಳಿದಳು.

"ಹಳೇದು ಉಳಿದಿದ್ದೇ ಒಂದು. ಅದನ್ನ ಮೊಳಕಾಲ್ಮುರಲ್ಲಿ ಕೊಟ್ಟೂರಪ್ಪನೋರ ಸೀರೆ ಮಗ್ಗದ ಮೇಲೆ ಪರೀಕ್ಷೆಗೆ ಇಟ್ಟಿದ್ವಿ. ಹೊಸಾದನ್ನ ಬುಧವಾರ ಸಂಜೆ ನಾನೇ ತಿಪ್ಪೇರುದ್ರನ ಕೈಗೆ ಕೊಟ್ಟೆ. ನಾಳೆ ಹೋಗಿ ಮಗ್ಗಕ್ಕೆ ಹಾಕಿ ಬರ್ತೀನಿ ಅಂದಿದ್ದ." ಅವಳು ಭೂತಗನ್ನಡಿ ಕೆಳಗಿಟ್ಟಳು. "ಮಗ್ಗದ ಮೇಲಿದ್ದದ್ದು ಕಾವಲಿಗೆ ಹೆಂಗೆ ಬಂತು ಮೇಡಂ? ಅವನ ಕೈಲಿದ್ದದ್ದು ಎಲ್ಲಿಗೆ ಹೋಯ್ತು?"

ನಿರ್ಮಲಾ ಚೀಲವನ್ನು ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

"ಹೋಗೋಕ್ಕೆ ಮುಂಚೆ ಅಣ್ಣನ್ನ ಮಾತಾಡಿಸು," ಎಂದಳು. "ಬೆಳಗ್ಗೆಯಿಂದ ನೀರೂ ಮುಟ್ಟಿಲ್ಲ."

ಜುಲ್ಫಿಕರ್ ಗೋಡೆಗೆ ಒರಗಿ ಕೂತಿದ್ದ. ಚಳ್ಳಕೆರೆಯಲ್ಲಿ ಲೇತ್ ಮಷೀನಿನ ಮುಂದೆ ನಿಂತರೆ ಅರ್ಧ ಬೀದಿಗೆ ಕೇಳುವಂತೆ ಮಾತಾಡುತ್ತಿದ್ದವನು, ತಂಗಿಯನ್ನು ಕಂಡು ಪಿಸುಗುಟ್ಟಿದ.

"ಸಂಜೆ ಕೋರ್ಟಲ್ಲಿ ಒಪ್ಕೊಂಡ್ಬಿಡ್ತೀನಿ ಕುಬ್ರಾ. ಅಬ್ಬಾಗೆ ನೀನೇ ಹೇಳು."

"ಏನ್ ಮಾತಾಡ್ತಿದ್ದೀಯ ಭಾಯಿ? ನೀನು ಮಾಡಿಲ್ಲ."

"ಮಾಡಿಲ್ಲ. ಆದ್ರೆ ತಿಪ್ಪೇರುದ್ರನ್ನ ಸುಟ್ಟು ಹಾಕ್ತೀನಿ ಅಂದಿದ್ದು ನಾನೇ. ಟೀ ಅಂಗಡೀಲಿ ಎಲ್ಲಾರೂ ಕೇಳವ್ರೆ. ವ್ಯಾನು ನಂದೇ. ಜಗಳ ಆದ್ಮೇಲೂ ಅವನಿಗೆ ಕೀಲಿ ಕೊಟ್ಟೆ ಅಂದ್ರೆ ನಗ್ತಾರೆ." ಕಣ್ಣು ಮುಚ್ಚಿಕೊಂಡ. "ಅವ್ನಂತೂ ಹೋದ. ಮತ್ತೆ ಮತ್ತೆ ಅದೇ ಪ್ರಶ್ನೆಗೆ ಉತ್ತರ ಹೇಳೋಕೆ ನನ್ನ ಕೈಲಾಗಲ್ಲ. ಮುಗೀಲಿ."

ಕುಬ್ರಾ ಕಂಬಿಯೊಳಗೆ ಕೈ ಹಾಕಿ ಅವನ ಅಂಗಿಯ ತೋಳು ಹಿಡಿದಳು. "ಸಂಜೆ ತನಕ ಬಾಯಿ ಬಿಡಬೇಡ. ನನ್ನ ಮೇಲೆ ಆಣೆ ಐತೆ. ಸಂಜೆ ತನಕ."

ಅವನು ತೋಳು ಬಿಡಿಸಿಕೊಂಡು ಗೋಡೆಯತ್ತ ಮುಖ ತಿರುಗಿಸಿದ.

ಹೊರಗೆ ನಿರ್ಮಲಾ ತನ್ನ ಸ್ವಂತ ಕಾರಿನ ಬಾಗಿಲು ತೆರೆದು ನಿಂತಿದ್ದಳು. ಸರ್ಕಾರಿ ಜೀಪು ತೆಗೆದರೆ ಎಲ್ಲಿಗೆ, ಯಾಕೆ ಎಂದು ಬರೆಯಬೇಕಿತ್ತು.

"ಹತ್ತು. ಮೊಳಕಾಲ್ಮುರಿಗೆ ಹೋಗಿ ಬರೋಣ."

*

ಕಾರು ತಳಕು ದಾಟಿತು. ರಸ್ತೆಯ ಎರಡೂ ಕಡೆ ಬೋಳು ಗುಡ್ಡ, ಕರಿಜಾಲಿ, ಬಿಸಿಲಿಗೆ ಹೊಳೆಯುವ ಗಾಳಿಯಂತ್ರಗಳು.

"ಒಂದು ಚಿಪ್ಪಿಗೆ ಇಷ್ಟೊಂದು ಜಗಳ ಯಾಕೆ?" ನಿರ್ಮಲಾ ಕೇಳಿದಳು. "ನಂಗೆ ತಿಳಿಯೋ ಹಂಗೆ ಹೇಳು."

ಕುಬ್ರಾ ಮಡಿಲಲ್ಲಿದ್ದ ಚೀಲವನ್ನು ಒತ್ತಿ ಹಿಡಿದಳು.

"ಮಗ್ಗದ ಮೇಲಿನ ಪೆಟ್ಟಿಗೇಲಿ ಒಂದು ಚಿಕ್ಕ ಕಂಪ್ಯೂಟರ್ ಐತೆ. ಅದಕ್ಕಿರೋದು ಒಂದೇ ಯುಎಸ್‌ಬಿ ದಾರಿ. ನಮಗೆ ನಾಲ್ಕು ಬೇಕು. ಸೀರೆ ಡಿಸೈನ್ ಇರೋ ಪೆನ್‌ಡ್ರೈವ್‌ಗೆ ಒಂದು, ಕೀಪ್ಯಾಡಿಗೆ ಒಂದು, ಹಾಸಿನ ಎಳೆ ಎತ್ತೋ ಹುಕ್ಕುಗಳಿಗೆ ಒಂದು, ಇನ್ನೊಂದು ಖಾಲಿ. ಒಂದು ದಾರೀನ ನಾಲ್ಕು ಮಾಡಿ ಹಂಚೋದೇ ಹಬ್ ಚಿಪ್."

"ಹಳೇದು ಹಂಚ್ತಿರಲಿಲ್ವಾ?"

"ಹಂಚ್ತಿತ್ತು. ಎಲ್ಲಾ ಕಡೆ ಸಿಗ್ತಿತ್ತು, ಬೆಸುಗೆ ಹಾಕೋದೂ ಸಲೀಸು. ಒಂದೇ ಐಬು. ನಾಲ್ಕು ದಾರಿಗೂ ಕರೆಂಟಿನ ಕಾವಲು ಒಂದೇ. ಒಂದು ವೈರು ಶಾರ್ಟ್ ಆದ್ರೆ ನಾಲ್ಕನ್ನೂ ಆರಿಸಿಬಿಡೋದು. ಕೀಪ್ಯಾಡಿನ ವೈರು ಕಾಲಿಗೆ ಸಿಕ್ಕಿ ಸವೀತಿತ್ತು. ಅದು ಶಾರ್ಟ್ ಆದ ಕೂಡ್ಲೇ ಹುಕ್ಕೆಲ್ಲ ಬಿದ್ದು, ನೇಯ್ತಾ ಇರೋ ಬುಟ್ಟಾ ನಡುವೇನೇ ಹಾಳಾಗೋದು."

"ಒಂದು ಕೆಟ್ರೆ ಅದೊಂದೇ ಆರಬೇಕು. ಅಂಥದ್ದು ಬೇಕಿತ್ತು ಅವನಿಗೆ."

"ಹೂಂ. ಅಂಥದ್ದು ಹುಡುಕಿ ಹುಡುಕಿ ಸಾಕಾಯ್ತು ಮೇಡಂ. ಒಂದು ಚಿಪ್ ಚೆನ್ನಾಗಿತ್ತು, ಸಾವಿರಗಟ್ಟಲೆ ತಗೊಂಡ್ರೇನೇ ಕೊಡ್ತೀವಿ ಅಂದ್ರು. ಇನ್ನೊಂದರ ಕಾಗದದಲ್ಲಿ ಎಲ್ಲ ಬರೆದಿದ್ರು, ಹಾಕಿ ನೋಡಿದ್ರೆ ನಮ್ಮ ಕಂಪ್ಯೂಟರು ಅದನ್ನ ಗುರುತೇ ಹಿಡೀಲಿಲ್ಲ. ಮತ್ತೊಂದು ಬಂತು, ಮೇಲಿನ ಹೆಸರು ಉಗುರಲ್ಲಿ ಕೆರೆದ್ರೆ ಹೋಯ್ತು, ಕೆಳಗೆ ಬೇರೆ ಹೆಸರು." ಅವಳು ಕಿಟಕಿಯಾಚೆ ನೋಡಿದಳು. "ತಿಪ್ಪೇರುದ್ರ ಊಟಕ್ಕೆ ಕೂತ್ರೂ ಪಕ್ಕದಲ್ಲಿ ಅವೇ ಹಾಳೆ. ಕೊನೆಗೆ ಚಿರಂಜೀವಿ ಬೆಂಗಳೂರಿಂದ ಒಂದೇ ಒಂದು ಸ್ಯಾಂಪಲ್ ತಂದ. ಕಾಲಿಲ್ಲ, ಹೊಟ್ಟೆ ಕೆಳಗೆ ಬೆಸುಗೆ. ನಾನೇ ಬಿಸಿಗಾಳಿ ಊದಿ ಕೂರಿಸಿದೆ."

"ಒಂದೇ ಒಂದಾ?"

"ಒಂದೇ."

"ಜುಲ್ಫಿಕರನಿಗೆ ಯಾಕೆ ಸಿಟ್ಟು ಬಂತು?"

"ಹಳೇ ಅಳತೆಗೆ ಪೆಟ್ಟಿಗೆಗಳನ್ನ ಮಾಡಿ, ತೂತೂ ಹೊಡೆದಾಗಿತ್ತು. ಹೊಸ ಬೋರ್ಡಿಗೆ ಸ್ಕ್ರೂ ಕೂರಲ್ಲ. ಅವನ ಕೆಲಸವೆಲ್ಲ ಮಣ್ಣುಪಾಲಾಯ್ತು. ಅದಕ್ಕೇ ಬೈದ. ಸಂಜೆಗೆ ತಣ್ಣಗಾಗಿ ಅವನೇ ವ್ಯಾನಿನ ಕೀಲಿ ಕೊಟ್ಟ. ನನ್ನ ಕಣ್ಣೆದುರಿಗೇ ಕೊಟ್ಟ."

ನಿರ್ಮಲಾ ಗೇರ್ ಬದಲಿಸಿದಳು. "ಈ ಚಿರಂಜೀವಿ ಎಲ್ಲಿದ್ದಾನೆ?"

ತಿಪ್ಪೇರುದ್ರ, ಜುಲ್ಫಿಕರರ ಜೊತೆಗೆ ಚಿರಂಜೀವಿ ಮೂರನೆಯ ಪಾಲುದಾರ. ಬಿಡಿಭಾಗ ಹುಡುಕಿ ತರುವುದು ಅವನ ಕೆಲಸ.

"ಬೆಂಗಳೂರಲ್ಲಿ. ಚೌಕದ ಚಿಪ್ ಇನ್ನಷ್ಟು ತರೋಕೆ ಬುಧವಾರ ಬೆಳಗ್ಗೇನೇ ಹೋದ. ತಿಪ್ಪೇರುದ್ರ ತೀರಿಹೋದ ಅಂತ ತಿಳಿಸಿದೆ. ನಂಬೋಕಾಗ್ತಿಲ್ಲ, ಬರ್ತೀನಿ ಅಂದ. ಇನ್ನೂ ಬಂದಿಲ್ಲ."

"ಫೋನಲ್ಲಿ ಮಾತಾಡಿದ್ನಾ?"

"ಇಲ್ಲ. ಬರೀ ಮೆಸೇಜು."

ಹಾನಗಲ್ಲಿನ ತಿರುವಿನಲ್ಲಿ ಕಾರು ಬಲಕ್ಕೆ ಹೊರಳಿತು.

*

ಕೊಟ್ಟೂರಪ್ಪನ ನೇಕಾರಿಕೆ ಶೆಡ್ಡಿನಲ್ಲಿ ಅನೇಕ ಮಗ್ಗಗಳಿದ್ದರೂ ಅವತ್ತು ಒಂದೇ ಸದ್ದು ಮಾಡುತ್ತಿತ್ತು. ಮೂಲೆಯ ಗುಂಡಿಮಗ್ಗದಲ್ಲಿ ಮುದ್ದಕ್ಕ ಎಂಬ ವಯಸ್ಸಾದ ಹೆಂಗಸು ಕಾಲಾಡಿಸುತ್ತ ಲಾಳಿ ಎಸೆಯುತ್ತಿದ್ದಳು. ಅವಳ ತಲೆಯ ಮೇಲೆ ತಗಡಿನ ಪೆಟ್ಟಿಗೆ, ಅದರ ಮುಖದಲ್ಲಿ ಸಾಲಾಗಿ ನಾಲ್ಕು ಹಸಿರು ದೀಪ. ಪ್ರತಿ ಎಳೆಗೂ ಹುಕ್ಕುಗಳು ಟಪಟಪನೆ ಎದ್ದು ಇಳಿಯುತ್ತಿದ್ದವು. ಕೆಂಪು ರೇಷ್ಮೆಯ ಮೇಲೆ ಜರಿಯ ನವಿಲು ಕುತ್ತಿಗೆವರೆಗೆ ಬಂದಿತ್ತು.

ಕೊಟ್ಟೂರಪ್ಪ ಹೆಗಲ ಟವೆಲು ಸರಿಮಾಡಿಕೊಳ್ಳುತ್ತ ಎದ್ದು ಬಂದ.

"ಬರ್ರಿ ಮೇಡಂ. ಬಿಸಿಲಾಗೆ ಬಂದೀರಿ. ಮಜ್ಜಿಗೆ ತರಿಸ್ಲಾ?"

"ಬೇಡ. ಬುಧವಾರ ಈ ಮಗ್ಗದ ಮೇಲೊಂದು ಬೋರ್ಡ್ ಇತ್ತಲ್ಲ, ಅದು ಎಲ್ಲೈತೆ?"

"ಅದೇ ನೋಡ್ರಿ, ಮೇಲಿರೋದು. ಅವತ್ತಿಂದ ಅದೇ ನಡೀತೈತೆ."

"ಯಾರೂ ಬದಲಾಯಿಸಿಲ್ಲ?"

"ಬದಲಾಯಿಸೋ ಹುಡುಗನೇ ಹೋದ್ನಲ್ಲ ಮೇಡಂ. ಪಾಪ." ಅವನು ನಾಲಿಗೆ ಲೊಚಗುಟ್ಟಿದ.

"ಪೆಟ್ಟಿಗೆ ಬಿಚ್ರಿ. ನೋಡಬೇಕು."

"ನೇಯ್ಗೆ ನಡುಮಧ್ಯೆ ಐತೆ. ಈಗ ಬಿಚ್ಚಿದ್ರೆ ಸೀರೆ ಕೆಡ್ತದೆ." ದನಿ ಮೆತ್ತಗಿದ್ದರೂ ಕಾಲು ಅಲುಗಲಿಲ್ಲ. "ಕಾಗದ ಏನಾರ ತಂದಿದ್ರೆ ಕೊಡ್ರಿ, ಬಿಚ್ಚಿ ಕೈಗೇ ಕೊಡ್ತೀನಿ."

ನಿರ್ಮಲಾಳ ಹತ್ತಿರ ಸರ್ಚ್ ವಾರಂಟ್ ಇರಲಿಲ್ಲ.

ಕುಬ್ರಾ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಅದರ ಪಕ್ಕದಲ್ಲಿ ನಾಲ್ಕನೆಯ ದಾರಿಯ ಕಿಂಡಿ ಖಾಲಿ ಇತ್ತು. ಚೀಲದಿಂದ ಗೇಣುದ್ದದ ಕೇಬಲೊಂದನ್ನು ತೆಗೆದಳು. ತುದಿಯಲ್ಲಿ ಕೆಂಪು ಕಪ್ಪು ತಂತಿಗಳು ಬತ್ತಲಾಗಿ ಒಂದಕ್ಕೊಂದು ಹೊಸೆದುಕೊಂಡಿದ್ದವು. ಬೋರ್ಡ್ ಪರೀಕ್ಷೆ ಮಾಡಲು ಅವರೇ ಕೆಡಿಸಿಟ್ಟಿದ್ದ ಕೇಬಲ್ ಅದು.

"ಬಿಚ್ಚೋದು ಬೇಡ," ಎಂದಳು. "ಇದನ್ನ ಆ ಕಿಂಡಿಗೆ ಚುಚ್ತೀನಿ. ಹಳೇ ಬೋರ್ಡಾದ್ರೆ ನಾಲ್ಕೂ ದೀಪ ಆರ್ತವೆ."

ಕೊಟ್ಟೂರಪ್ಪನ ಮುಖ ಬದಲಾಯಿತು. "ಹುಕ್ಕೆಲ್ಲ ಬೀಳ್ತವೆ ಕಣಮ್ಮ. ನವಿಲು ಅಲ್ಲಿಗೇ ಕೆಡ್ತೈತೆ."

"ಕೆಡ್ಲಿ."

ಅವನು ಒಂದು ಹೆಜ್ಜೆ ಮುಂದಿಟ್ಟ. ನಿರ್ಮಲಾ ನಡುವೆ ಬಂದು ನಿಂತಳು.

"ಸೀರೆ ಉಳಿಸ್ಕೋಬೇಕು ಅಂದ್ರೆ ಒಂದು ಮಾತು ಹೇಳ್ರಿ ಸಾಕು. ಮೇಲಿರೋದು ಹಳೇದಲ್ಲ ಅಂತ."

ಕೊಟ್ಟೂರಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

ಕುಬ್ರಾ ತುದಿಗಾಲಲ್ಲಿ ನಿಂತು ಕೇಬಲನ್ನು ಕಿಂಡಿಗೆ ಒತ್ತಿದಳು.

ಕೊನೆಯ ದೀಪ ಪಟ್ಟೆಂದು ಆರಿತು.

ಉಳಿದ ಮೂರು ಹಾಗೇ ಉರಿಯುತ್ತಿದ್ದವು. ಹುಕ್ಕುಗಳು ಏಳುತ್ತಲೇ ಇದ್ದವು, ಇಳಿಯುತ್ತಲೇ ಇದ್ದವು. ಮುದ್ದಕ್ಕ ತಲೆ ಕೂಡ ಎತ್ತಲಿಲ್ಲ. ಲಾಳಿ ಆ ಕಡೆಯಿಂದ ಈ ಕಡೆಗೆ ಬಂತು, ನವಿಲಿನ ಕುತ್ತಿಗೆ ಒಂದು ಎಳೆಯಷ್ಟು ಬೆಳೆಯಿತು.

ಇದೇ ಕ್ಷಣಕ್ಕಾಗಿ ತಿಪ್ಪೇರುದ್ರ ಎಷ್ಟು ದಿನ ಒದ್ದಾಡಿದ್ದ. ಇದನ್ನು ಕಂಡಿದ್ದರೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಳ್ಳುತ್ತಿದ್ದ, ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಕುಬ್ರಾ ಕೇಬಲ್ ಕಿತ್ತಳು. ಆರಿದ ದೀಪ ಮತ್ತೆ ಹತ್ತಿತು.

"ಇದು ಚೌಕದ ಚಿಪ್ ಮೇಡಂ. ತಿಪ್ಪೇರುದ್ರನ ಕೈಗೆ ಕೊಟ್ಟ ಬೋರ್ಡು. ಲೋಕದಲ್ಲಿ ಇನ್ನೊಂದಿಲ್ಲ."

ನಿರ್ಮಲಾ ಕೊಟ್ಟೂರಪ್ಪನತ್ತ ತಿರುಗಿದಳು. "ಸುಟ್ಟು ಸತ್ತವನ ಕೈಲಿದ್ದ ಬೋರ್ಡು ನಿಮ್ಮ ಮಗ್ಗಕ್ಕೆ ಹೆಂಗೆ ಬಂತು?"

ಅವನು ಕಂಬಕ್ಕೆ ಕೈಕೊಟ್ಟು ನಿಧಾನಕ್ಕೆ ಕೆಳಗೆ ಕೂತ.

ಉತ್ತರ ಬಂದದ್ದು ಮಗ್ಗದ ಗುಂಡಿಯಿಂದ.

"ಆ ಅಬ್ಬಾಯೇ ಬಂದು ಹಾಕಿ ಹೋದ್ನಲ್ಲಮ್ಮಾ," ಮುದ್ದಕ್ಕ ಕಾಲು ನಿಲ್ಲಿಸಿದಳು. ಗಡಿ ಸೀಮೆಯ ಹೆಂಗಸು, ಅವಳ ಕನ್ನಡದಲ್ಲಿ ತೆಲುಗು ಬೆರೆತಿತ್ತು, ಹುಡುಗರನ್ನು ಅಬ್ಬಾಯಿ ಅನ್ನುತ್ತಿದ್ದಳು. "ಕನ್ನಡಕದೋನು. ತಿಪ್ಪೇರುದ್ರ."

"ಯಾವತ್ತವ್ವ?"

"ಶುಕ್ರವಾರ."

ನಿರ್ಮಲಾ ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. "ಬುಧವಾರ ಇರಬೇಕು ನೋಡು. ನೆನಪು ಮಾಡ್ಕೋ."

"ಅಯ್ಯೋ, ಶುಕ್ರವಾರವೇನಮ್ಮಾ. ಮಗ್ಗಕ್ಕೆ ಕುಂಕುಮ ಇಟ್ಟು ಪೂಜೆ ಮಾಡಿದ್ದೆ. ಆ ಅಬ್ಬಾಯಿಗೂ ಕೊಬ್ಬರಿ ಸಕ್ಕರೆ ಕೊಟ್ಟೆ. ಕೈಲಿ ಹಿಡ್ಕೊಂಡ, ಬಾಯಿಗೆ ಹಾಕಲಿಲ್ಲ. ಕೈ ಗಡಗಡ ನಡುಗ್ತಿತ್ತು. ಜ್ವರವಾ ಅಂತ ಕೇಳ್ದೆ. ಮಾತೇ ಆಡ್ಲಿಲ್ಲ. ಕಾವಲಾಗೆ ಸತ್ತೋನು ಅವನೇ ಅಂತ ನಂಗ್ಯಾರು ಹೇಳಿದ್ರು?" ಅವಳು ಕೊಟ್ಟೂರಪ್ಪನತ್ತ ನೋಡಿದಳು. "ನೀವ್ಯಾಕೆ ಹೇಳ್ಲಿಲ್ಲ ಅಯ್ಯಾ?"

ಕುಬ್ರಾ ಮಗ್ಗದ ಕಂಬ ಹಿಡಿದುಕೊಂಡಳು. ಗುರುವಾರ ನಸುಕಿನಲ್ಲಿ ಸುಟ್ಟು ಹೋದವನು ಶುಕ್ರವಾರ ಇಲ್ಲಿ ನಿಂತು ಸ್ಕ್ರೂ ತಿರುಗಿಸಿದ್ದ. ಬದುಕಿದ್ದಾನೆ. ಅವಳ ಎದೆಯಲ್ಲಿ ಏನೋ ಹಗುರಾಗಿ ಮೇಲೆದ್ದಿತು. ಮರುಗಳಿಗೆಯೇ ಕಲ್ಲಿನಂತೆ ಬಿತ್ತು. ಬದುಕಿದ್ದವನು ಮನೆಗೆ ಯಾಕೆ ಬರಲಿಲ್ಲ? ನಾಯಕನಹಟ್ಟಿಯಲ್ಲಿ ಅವನ ತಾಯಿ ಸೂರಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಾಗ ಎಲ್ಲಿದ್ದ?

"ಈಗ ಹೇಳ್ರಿ," ನಿರ್ಮಲಾ ಕೊಟ್ಟೂರಪ್ಪನ ಮುಂದೆ ನಿಂತಳು.

"ಅವನೇ ಕೈಮುಗಿದು ಕೇಳ್ಕೊಂಡ ಮೇಡಂ. ನಾನು ಬಂದಿದ್ದೆ ಅಂತ ಹೇಳ್ಬೇಡ್ರಿ, ಹೇಳಿದ್ರೆ ನನ್ನ ಜೀವ ಉಳಿಯಲ್ಲ ಅಂದ. ಹೊರಗೆ ಒಂದು ಗಾಡಿ ನಿಂತಿತ್ತು. ಒಳಗೆ ಯಾರೋ ಕೂತಿದ್ರು. ನಾನು ನೋಡ್ಲಿಲ್ಲ."

"ನೋಡ್ಲಿಲ್ವೋ, ನೋಡೋಕೆ ಹೆದರಿದ್ರೋ?"

"ಹೆದರಿದೆ."

"ಹಳೇ ಬೋರ್ಡು?"

"ಅದು ಅಷ್ಟೊತ್ತಿಗೆ ಇಲ್ಲಿರ್ಲಿಲ್ಲ. ಬುಧವಾರ ಸಂಜೆ ಚಿರಂಜೀವಿ ಬಸ್ಸಿಗೆ ಬಂದು ಬಿಚ್ಕೊಂಡು ಹೋದ. ತಗಡಿನ ಡಬ್ಬೀಲಿ ಹಾಕ್ಕೊಂಡ. ನಾಳೆ ಹೊಸಾದು ಬರ್ತದೆ ಅಂದ."

"ಚಿರಂಜೀವಿ ಬುಧವಾರ ಬೆಳಗ್ಗೇನೇ ಬೆಂಗಳೂರಿಗೆ ಹೋಗಿದ್ದ," ಕುಬ್ರಾ ಅಂದಳು.

"ಯಾರಮ್ಮ ಹೇಳಿದ್ದು? ನನ್ನ ಕಣ್ಣಾರೆ ನೋಡೀನಿ. ಇದೇ ಸ್ಟೂಲ್ ಹತ್ತೋಕೆ ಕಷ್ಟಪಟ್ಟ. ಕಾಲು ಎಳೆದು ನಡೀತಾನಲ್ಲ, ನಾನೇ ಹಿಡ್ಕೊಂಡೆ."

ನಿರ್ಮಲಾ ಸರಕ್ಕನೆ ಕುಬ್ರಾಳತ್ತ ತಿರುಗಿದಳು. "ಚಿರಂಜೀವಿ ಕಾಲಿಗೆ ಏನಾಗೈತೆ?"

"ಹಳೇ ಆಕ್ಸಿಡೆಂಟು. ತೊಡೇಲಿ ರಾಡ್ ಹಾಕವ್ರೆ."

ನಿರ್ಮಲಾ ಫೋನ್ ತೆಗೆದು, ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರಿಗೆ ಅಲ್ಲಿಂದಲೇ ಕರೆ ಮಾಡಿದಳು. ಕುಬ್ರಾಳಿಗೂ ಕೇಳಲೆಂದು ಸ್ಪೀಕರ್ ಒತ್ತಿದಳು.

"ಸರ್, ಕಾವಲಿನ ಕೇಸು. ಹೆಣದ ಮೂಳೇಲಿ ಏನಾದ್ರೂ ಇತ್ತಾ?"

"ಬಲ ತೊಡೆ ಮೂಳೇಲಿ ಸ್ಟೀಲ್ ರಾಡ್ ಇ‌ತ್ತಮ್ಮ. ವರದಿ ಇನ್ನೂ ಟೈಪ್ ಆಗ್ತಿದೆ. ನಿಮ್ಮ ಇನ್ಸ್‌ಪೆಕ್ಟರಿಗೆ ಅವತ್ತೇ ಬಾಯಲ್ಲಿ ಹೇಳಿದ್ನಲ್ಲ. ಹೂಂ ಅಂದ್ರು."

ನಿರ್ಮಲಾ ಫೋನ್ ಜೇಬಿಗಿಟ್ಟಳು.

"ಚಿರಂಜೀವಿ," ಕುಬ್ರಾ ಅಂದಳು. ಆಮೇಲೆ ಸೆರಗಿನಂತೆ ಹೊದ್ದ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಹಳೆಯ ಬೋರ್ಡನ್ನು ಯಾರೂ ವ್ಯಾನಿನಲ್ಲಿ ತಂದು ಇಟ್ಟಿರಲಿಲ್ಲ. ಬಿಚ್ಚಿಕೊಂಡು ಹೋದವನ ಜೊತೆಯಲ್ಲೇ ಅದೂ ಸುಟ್ಟಿತ್ತು. ಆ ಹೆಣಕ್ಕಾಗಿ ಇಷ್ಟು ದಿನ ಬೇರೆ ತಾಯಿ ಅತ್ತಿದ್ದಳು.

"ಬೆಂಗಳೂರಿಂದ ನಿಂಗೆ ಮೆಸೇಜು ಕಳಿಸ್ತಿರೋದು ಯಾರು ಹಂಗಾದ್ರೆ?" ನಿರ್ಮಲಾ ಕೇಳಿದಳು.

ಕುಬ್ರಾ ಫೋನ್ ತೆಗೆದು ಚಿರಂಜೀವಿಯ ಮೆಸೇಜುಗಳನ್ನು ಮತ್ತೆ ಓದಿದಳು.

*

ಇನ್ಸ್‌ಪೆಕ್ಟರ್ ಯರ್ರಪ್ಪನ ದನಿ ಫೋನಿನಲ್ಲಿ ಒರಟಾಗಿ ಬಂತು. ಎಲ್ಲವನ್ನೂ ಕೇಳಿದ. ಅಪ್ಪಣೆಯಿಲ್ಲದೆ ಹೋದದ್ದಕ್ಕೆ ಬೈದ. ರಾಡಿನ ವಿಷಯ ಬಂದಾಗ ಮಾತ್ರ ದನಿ ತಗ್ಗಿಸಿದ.

"ಅವತ್ತು ಆ ರಾಡು ತಿಪ್ಪೇರುದ್ರನದ್ದೇ ಇರಬೇಕು ಅಂದ್ಕೊಂಡೆ," ಎಂದ. "ಆದ್ರೆ ಬಾಯಿಮಾತು ಇಟ್ಕೊಂಡು ನಾನು ಜಡ್ಜ್ ಮುಂದೆ ನಿಲ್ಲೋಕಾಗಲ್ಲ ನಿರ್ಮಲಾ. ಜುಲ್ಫಿಕರ್ ಒಪ್ಕೊಳ್ತೀನಿ ಅಂತ ಕೂತವ್ನೆ. ನಾವು ಕೋರ್ಟಿಗೆ ಹೊರಡೋದ್ರೊಳಗೆ ಆ ಬೋರ್ಡು ನನ್ನ ಮೇಜಿನ ಮೇಲಿರ್ಬೇಕು. ಪಂಚರ ಸಹಿ ಹಾಕಿಸ್ಕೊಂಡು ಬಾ. ಬಂದ್ರೆ ತಡೀತೀನಿ. ಇಲ್ಲಾಂದ್ರೆ ನನ್ನ ಕೈಲಿಲ್ಲ."

ನಿರ್ಮಲಾ ಕುಬ್ರಾಳ ಕೈಗೆ ಸ್ಕ್ರೂಡ್ರೈವರ್ ಇಟ್ಟಳು.

"ಜೋಪಾನವಾಗಿ ಬಿಚ್ಚು. ನಾನು ಪಕ್ಕದ ಅಂಗಡಿಯೋರನ್ನ ಸಾಕ್ಷಿಗೆ ಕರ್ಕೊಂಡು ಬರ್ತೀನಿ. ಕೊಟ್ಟೂರಪ್ಪ, ನೀವು ನನ್ನ ಜೊತೆ ನಡೀರಿ."

ಇಬ್ಬರೂ ಹೊರಗೆ ಹೋದರು. ಶೆಡ್ಡಿನಲ್ಲಿ ಕುಬ್ರಾ ಮತ್ತು ಮುದ್ದಕ್ಕ ಉಳಿದರು.

ಕುಬ್ರಾ ಸ್ಟೂಲ್ ಹತ್ತಿದಳು. ಪೆಟ್ಟಿಗೆಯ ಮುಚ್ಚಳ ಸಲೀಸಾಗಿ ಬಂತು. ಒಳಗೆ ಅವಳೇ ಕೂರಿಸಿದ ಚಿಪ್, ಕಡಲೆಬೇಳೆಯಷ್ಟು ಅಗಲ, ಕಪ್ಪಗೆ, ಮಟ್ಟಸವಾಗಿ ಕೂತಿತ್ತು. ಅಳತೆ ಕೂಡದ ತೂತುಗಳ ಪಕ್ಕದಲ್ಲಿ ಯಾರೋ ಕೈಯಲ್ಲೇ ಹೊಸ ತೂತು ಕೊರೆದು ಬೋರ್ಡನ್ನು ಬಿಗಿದಿದ್ದರು. ಅವಳು ಆ ಓರೆಕೋರೆ ತೂತುಗಳ ಮೇಲೆ ಬೆರಳಾಡಿಸಿದಳು. ನಡುಗುವ ಕೈಯಿಂದ ಕೊರೆದದ್ದು ಕಾಣುತ್ತಿತ್ತು.

ಒಂದೊಂದೇ ಸ್ಕ್ರೂ ಬಿಚ್ಚುತ್ತ ಬಂದಳು. ಇದು ಠಾಣೆಯ ಮೇಜು ತಲುಪಿದರೆ ಭಾಯಿ ಹೊರಗೆ ಬರುತ್ತಾನೆ. ಕಾರು ಜೋರಾಗಿ ಓಡಿಸಿದರೆ ಸಾಕು. ಅವನು ಬಾಯಿ ಬಿಡದಿದ್ದರೆ ಸಾಕು. ಕೊನೆಯ ಸ್ಕ್ರೂ ಬಿಗಿಯಾಗಿತ್ತು. ಅವಳು ತುಟಿ ಕಚ್ಚಿ ತಿರುಗಿಸಿದಳು. ಅದು ಅಲುಗಿತು.

ಚೀಲದಲ್ಲಿ ಫೋನ್ ಹೊಡೆದುಕೊಂಡಿತು.

ಅಬ್ಬಾ ಇರಬೇಕೆಂದು ತೆಗೆದಳು. ತೆರೆಯ ಮೇಲೆ ಚಿರಂಜೀವಿಯ ಹೆಸರಿತ್ತು.

ಹಸಿರು ಗುಂಡಿ ಒತ್ತಿ ಕಿವಿಗಿಟ್ಟುಕೊಂಡಳು.

ಆ ಕಡೆ ಯಾರೋ ಏದುಸಿರು ಬಿಡುತ್ತಿದ್ದರು.

"ಕುಬ್ರಾ. ನಾನು."

ಅದು ತಿಪ್ಪೇರುದ್ರನ ದನಿ.

"ಎಲ್ಲಿದ್ದೀಯ? ತಿಪ್ಪೇರುದ್ರ, ಎಲ್ಲಿದ್ದೀಯ ನೀನು?"

"ಮೆಲ್ಲಗೆ. ಅವರು ಹೊರಗವ್ರೆ, ಈ ಫೋನು ಇಲ್ಲೇ ಬಿಟ್ಟವ್ರೆ. ನೀನು ಶೆಡ್ಡಿಗೆ ಹೋಗಿದ್ದೀಯ ಅಂತ ಅವರಿಗೆ ಗೊತ್ತಾಗೈತೆ. ಬೋರ್ಡು ಬಿಚ್ಚಿದ್ಯಾ?"

"ಬಿಚ್ತಾ ಇದ್ದೀನಿ. ಅದು ಬೇಕೇ ಬೇಕು. ಭಾಯಿನ ಜೈಲಿಗೆ ಹಾಕ್ತಾರೆ, ನಿನ್ನನ್ನ ಕೊಂದ ಅಂತ."

ಆ ಕಡೆಯಿಂದ ಅಳುವಿನಂಥ ಸದ್ದು ಬಂತು. ಅದನ್ನು ನುಂಗಿಕೊಂಡು ಅವನು ಮಾತಾಡಿದ.

"ಬಿಚ್ಬೇಡ ಕುಬ್ರಾ. ಈ ಬೋರ್ಡಿಗೋಸ್ಕರಾನೇ ಇವರು ನನ್ನ ಹಿಡಿದಿಟ್ಕೊಂಡವ್ರೆ. ಸೀರೆ ಪೂರ್ತಿ ನೇಯ್ದು, ಬೋರ್ಡು ನಿಲ್ಲದಂಗೆ ನಡೀತೈತೆ ಅಂತ ಖಾತ್ರಿ ಆಗೋ ತನಕ ಮಾತ್ರ ನಾನು ಅವರಿಗೆ ಬೇಕು. ಮಗ್ಗ ನಿಂತ್ರೆ ಚಿರಂಜೀವಿಗೆ ಮಾಡಿದ್ದೇ ನಂಗೂ ಮಾಡ್ತಾರೆ. ನಾನು ನೋಡಿದೀನಿ. ನನ್ನ ಕಣ್ಣೆದುರಿಗೇ—"

ಬಾಗಿಲು ತೆರೆದ ಸದ್ದು. ಫೋನು ಕೆಳಗೆ ಬಿದ್ದಂತಾಯಿತು. ಆಮೇಲೆ ಏನೂ ಇಲ್ಲ.

ಕುಬ್ರಾ ಸ್ಟೂಲಿನ ಮೇಲೆಯೇ ನಿಂತಿದ್ದಳು. ಬೋರ್ಡು ಒಂದೇ ಸ್ಕ್ರೂವಿನಿಂದ ಜೋತಾಡುತ್ತಿತ್ತು, ನಾಲ್ಕೂ ದೀಪ ಇನ್ನೂ ಉರಿಯುತ್ತಿದ್ದವು. ಹೊರಗೆ ಚಪ್ಪಲಿಗಳ ಸದ್ದು ಹತ್ತಿರವಾಯಿತು.

"ಬಂತಾ ಕುಬ್ರಾ?" ನಿರ್ಮಲಾ ಅಂಗಳದಿಂದಲೇ ಕೂಗಿದಳು. "ಹೊತ್ತಿಲ್ಲ, ಹೊರಡಬೇಕು."

ಮುದ್ದಕ್ಕ ಗುಂಡಿಯೊಳಗಿಂದ ಮುಖ ಎತ್ತಿ ನೋಡುತ್ತಿದ್ದಳು. ಅವಳ ಕಾಲು ಮಗ್ಗದ ಮೆಟ್ಟಿನ ಮೇಲೇ ಇತ್ತು, ಒಂದು ಕೈಯಲ್ಲಿ ಲಾಳಿ.

"ಏನ್ ಮಾಡ್ಲಮ್ಮಾ?" ಎಂದಳು. "ನೇಯ್ಲಾ, ನಿಲ್ಲಿಸ್ಲಾ?"